1500 ಬಂದರೆ ಕಾಲೇಜು ಫ್ರೀನಾ?

ದೊಡ್ಡಪ್ಪ: (ಫಾರ್ವರ್ಡ್) "ಹೈಸ್ಕೂಲು ಮಕ್ಕಳು ಬರೆಯುವ ಪಿಎಸ್‌ಎಟಿ ಪರೀಕ್ಷೆಯಲ್ಲಿ 1500 ಅಂಕ ಬಂದರೆ ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್ ಖಚಿತ. ಅಮೆರಿಕದ ಯಾವ ಕಾಲೇಜಾದರೂ ಫ್ರೀ!"

ದೊಡ್ಡಪ್ಪ: ಅಲ್ಲಿರೋ ಮಕ್ಕಳೆಲ್ಲ ಓದಿ. ಮ್ಯಾತ್ಸ್ ಗಟ್ಟಿ ಮಾಡ್ಕೊಂಡ್ರೆ ಆಯ್ತು.

ಅಕ್ಕ: ದೊಡ್ಡಪ್ಪ, ಎರಡು ವಾಕ್ಯ, ಎರಡೂ ತಪ್ಪು. ನ್ಯಾಷನಲ್ ಮೆರಿಟ್‌ನವರು ಒಟ್ಟು ಅಂಕ ನೋಡಲ್ಲ, ಸೆಲೆಕ್ಷನ್ ಇಂಡೆಕ್ಸ್ ನೋಡ್ತಾರೆ. ರೀಡಿಂಗ್-ರೈಟಿಂಗ್ ಅಂಕವನ್ನ ಎರಡರಿಂದ ಗುಣಿಸಿ, ಮ್ಯಾತ್ಸ್ ಕೂಡಿಸಿ, 10ರಿಂದ ಭಾಗಿಸಿ. ಗರಿಷ್ಠ 228. ರೀಡಿಂಗ್-ರೈಟಿಂಗ್ 740, ಮ್ಯಾತ್ಸ್ 760 ಆದ್ರೆ 224. ಅದಲು ಬದಲಾದ್ರೆ 226. ಎರಡೂ 1500ನೇ! 2026ರಲ್ಲಿ ಹೈಸ್ಕೂಲು ಮುಗಿಸೋ ಬ್ಯಾಚಿಗೆ ನ್ಯೂಜೆರ್ಸಿ ಕಟಾಫ್ 225. ಒಬ್ಬರು ಒಳಗೆ, ಒಬ್ಬರು ಹೊರಗೆ. ಮ್ಯಾತ್ಸ್ ಒಂದನ್ನೇ ಉಜ್ಜಿದ ಮಕ್ಕಳು ಇಲ್ಲೇ ಜಾರೋದು.

ದೊಡ್ಡಪ್ಪ: ಕಟಾಫ್ ಕಮ್ಮಿ ಇರೋ ರಾಜ್ಯಕ್ಕೆ ಹೋಗಿ ಬರೆದ್ರೆ?

ಅಕ್ಕ: ಆಗಲ್ಲ. ಓದ್ತಿರೋ ಶಾಲೆ ಯಾವ ರಾಜ್ಯದಲ್ಲಿದೆಯೋ ಅದೇ ಲೆಕ್ಕ.

ಚಿಕ್ಕಪ್ಪ: ಅಣ್ಣ, ಇಷ್ಟಕ್ಕೂ ಸಿಗೋದು 2,500 ಡಾಲರ್, ಅದೂ ಒಂದೇ ಸಲ. ಅದರ ಬದಲು ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಗೆ ಓದಲಿ.

ಅಕ್ಕ: ಚಿಕ್ಕಪ್ಪ, ಎರಡಕ್ಕೂ ಓದು ಒಂದೇ ಅಲ್ವಾ? ಕಟಾಫ್ ದಾಟಿ ಸೆಮಿಫೈನಲಿಸ್ಟ್ ಆದವರು ಫೈನಲಿಸ್ಟ್ ಆಗೋಕೆ ಎಸ್‌ಎಟಿ ಇಲ್ಲಾ ಅದರಂಥದ್ದೇ ಪರೀಕ್ಷೆಯಾದ ಎಸಿಟಿ ಅಂಕ ತೋರಿಸಲೇಬೇಕು, ಪ್ರಬಂಧ ಮತ್ತು ಶಾಲೆಯ ಶಿಫಾರಸಿನ ಜೊತೆಗೆ. ದೊಡ್ಡ ದುಡ್ಡು ಬರೋದು ಕಾಲೇಜುಗಳಿಂದ. ಅಲಬಾಮಾ ವಿಶ್ವವಿದ್ಯಾಲಯ ಫೈನಲಿಸ್ಟ್‌ಗಳಿಗೆ ಟ್ಯೂಷನ್ ಜೊತೆ ಹಾಸ್ಟೆಲ್ ಖರ್ಚನ್ನೂ ಕೊಡ್ತಾ ಬಂದಿದೆ. ಆದ್ರೆ ಆ ಕಾಲೇಜನ್ನ ನ್ಯಾಷನಲ್ ಮೆರಿಟ್ ಪೋರ್ಟಲ್‌ನಲ್ಲಿ 'ಮೊದಲ ಆಯ್ಕೆ' ಅಂತ ಗಡುವಿನೊಳಗೆ ಹಾಕಿರಬೇಕು. ಕಾಲೇಜಿಗೆ ಅರ್ಜಿ ಹಾಕಿ, ಸೀಟು ಸಿಕ್ಕಿ, ಇದೊಂದು ಸಾಲು 'ಇನ್ನೂ ನಿರ್ಧರಿಸಿಲ್ಲ' ಅಂತಲೇ ಉಳಿದ್ರೆ ಆ ಹಣ ಹೋಯ್ತು.

ಚಿಕ್ಕಪ್ಪ: ಹಾರ್ವರ್ಡ್, ಪ್ರಿನ್ಸ್‌ಟನ್ ಕೊಡಲ್ಲ, ನೆನಪಿರಲಿ. ಅವೆರಡೂ ಸೇರಿರೋ ಐವಿ ಲೀಗ್ ಕಾಲೇಜುಗಳಲ್ಲಿ ಮೆರಿಟ್ ಸ್ಕಾಲರ್‌ಶಿಪ್ಪೇ ಇಲ್ಲ, ಮನೆಯ ಆದಾಯ ನೋಡಿ ಸಹಾಯ.

ಅಕ್ಕ: ಅದು ನಿಜ. 'ಯಾವ ಕಾಲೇಜಾದರೂ' ಅನ್ನೋದು ಅದಕ್ಕೇ ಸುಳ್ಳು.

ದೊಡ್ಡಪ್ಪ: ಸರಿ ಕಣಮ್ಮಾ, ಈಗ ಹತ್ತನೇ ಕ್ಲಾಸಲ್ಲಿರೋ ಮಗು ಏನು ಮಾಡ್ಬೇಕು?

ಅಕ್ಕ: ಈ ವರ್ಷ ಬರೆದ್ರೆ ಅಭ್ಯಾಸ ಅಷ್ಟೇ. ನಾಲ್ಕು ವರ್ಷ ಹೈಸ್ಕೂಲು ಓದೋರಿಗೆ ಹನ್ನೊಂದನೇ ಕ್ಲಾಸಿನ ಅಕ್ಟೋಬರ್ ಪರೀಕ್ಷೆಯೇ ಲೆಕ್ಕ, ಒಂದೇ ಅವಕಾಶ. ಎಸ್‌ಎಟಿ ಥರ ಆನ್‌ಲೈನಲ್ಲಿ ನೀವೇ ನೋಂದಾಯಿಸೋಕಾಗಲ್ಲ, ಶಾಲೆ ಮೂಲಕವೇ. ಎಲ್ಲ ಶಾಲೆಗಳೂ ನಡೆಸಲ್ಲ, ಹಾಗಾಗಿ ರಜೆಗೆ ಮುಂಚೆಯೇ ಕೌನ್ಸೆಲರನ್ನ ಕೇಳಿ; ಇಲ್ಲ ಅಂದ್ರೆ ಪಕ್ಕದ ಶಾಲೆ ಹುಡುಕೋಕೆ ಸಮಯ ಇರುತ್ತೆ. ಜ್ವರ ಬಂದು ತಪ್ಪಿದ್ರೆ ಎಸ್‌ಎಟಿ ಅಂಕದ ಮೇಲೆ ನ್ಯಾಷನಲ್ ಮೆರಿಟ್ ಸ್ಪರ್ಧೆಗೆ ಪರ್ಯಾಯ ಪ್ರವೇಶ ಕೇಳಬಹುದು, ಆದ್ರೆ ಕೇಳಿದವರಿಗೆ ಮಾತ್ರ.

ಚಿಕ್ಕಪ್ಪ: ಪರೀಕ್ಷೆಯೊಳಗಿನ ವಿಷಯ ಬಿಟ್ಟೆಯಲ್ಲ. ಎರಡೂ ವಿಭಾಗದಲ್ಲಿ ಎರಡೆರಡು ಮಾಡ್ಯೂಲ್, ಅಂದ್ರೆ ಭಾಗ. ಮೊದಲನೆಯದರಲ್ಲಿ ತಪ್ಪು ಹೆಚ್ಚಾದ್ರೆ ಎರಡನೆಯದು ಸುಲಭದ್ದು ಬರುತ್ತೆ, ಅದನ್ನ ಪೂರ್ತಿ ಸರಿ ಮಾಡಿದ್ರೂ ಮೇಲಿನ ಅಂಕ ಮುಟ್ಟಲ್ಲ. ಅವಸರ ಮಾಡೋದಾದ್ರೆ ಎರಡನೆಯದರಲ್ಲಿ ಮಾಡಲಿ.

ಅಕ್ಕ: ಹೌದು ಚಿಕ್ಕಪ್ಪ. ಪರೀಕ್ಷೆ ಬರೆಯೋ ಬ್ಲೂಬುಕ್ ಆ್ಯಪಲ್ಲಿ 'ಎಕ್ಸಾಮ್ ಸೆಟಪ್' ಹಿಂದಿನ ದಿನವೇ ಮುಗಿಸಿ, ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿ, ಚಾರ್ಜರನ್ನೂ ತಗೊಂಡು ಹೋಗಲಿ. ದೊಡ್ಡಪ್ಪ, ಆ ಮೆಸೇಜು ಬೇರೆ ಗುಂಪಿಗೂ ಹೋಗಿದ್ರೆ ಈ 224-226 ಲೆಕ್ಕ ಅಲ್ಲೂ ಹಾಕಿ.