ಅಪ್‌ಡೇಟ್: ಟಿಸಿಪಿಡಂಪ್ ಹಾಕಿದರೆ ಡಿಎನ್‌ಎಸ್ ಟ್ರಾಫಿಕ್ ಏರುತ್ತಿತ್ತು, ಕಾರಣ ಸಿಕ್ಕಿತು

ಪೀಣ್ಯದ ನಮ್ಮ ಆಫೀಸಿನ ಯೂನಿಕ್ಸ್ ಮಷೀನಿನಲ್ಲಿ ಟಿಸಿಪಿಡಂಪ್ (ನೆಟ್‌ವರ್ಕಿನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು, ಅಂದರೆ ಡೇಟಾ ತುಣುಕುಗಳನ್ನು, ಹಿಡಿದು ತೋರಿಸುವ ಪ್ರೋಗ್ರಾಂ) ಓಡಿಸಿದಾಗಲೆಲ್ಲ ಡಿಎನ್‌ಎಸ್ (ಹೆಸರು, ಐಪಿ ವಿಳಾಸ ಹೊಂದಿಸಿ ಕೊಡುವ ವ್ಯವಸ್ಥೆ) ಟ್ರಾಫಿಕ್ ಯಾಕೆ ಜಾಸ್ತಿ ಆಗುತ್ತದೆ ಎಂದು ಹೋದ ವಾರ ಕೇಳಿದ್ದೆ. ಕಳ್ಳ ಮನೆಯೊಳಗೇ ಇದ್ದ! ಕಂಡ ಐಪಿ ವಿಳಾಸಕ್ಕೆಲ್ಲ ಹೆಸರು ಹುಡುಕಲು ಟಿಸಿಪಿಡಂಪೇ ಡಿಎನ್‌ಎಸ್ ಸರ್ವರನ್ನು ಕೇಳುತ್ತಿತ್ತು. ಆ ಪ್ರಶ್ನೆಗಳನ್ನೂ ತಾನೇ ಹಿಡಿದು ತೋರಿಸುತ್ತಿತ್ತು. ನೀವು ಹೇಳಿದಂತೆ ಹೆಸರು ಹುಡುಕಬೇಡ ಎನ್ನುವ ಮೈನಸ್ ಎನ್ (-n) ಆಯ್ಕೆ ಹಾಕಿದೆ, ನಿಂತಿತು.

ಇನ್ನೊಂದು ಎಡವಟ್ಟು ನನ್ನದೇ. ಜಯನಗರದ ಮನೆಯಿಂದ, ಆಫೀಸಿನ ಮಷೀನಿಗೆ ದೂರದಿಂದಲೇ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ಕೂತು ನೋಡುತ್ತಿದ್ದೆ. ಪರದೆಗೆ ಬರುವ ಸಾಲೇ ಹೊಸ ಪ್ಯಾಕೆಟ್, ಅದಕ್ಕೆ ಮತ್ತೊಂದು ಸಾಲು... ಮುಗಿಯುತ್ತದಾ? ಈಗ ಆ ಲಾಗಿನ್ ಬಳಸುವ 22ನೇ ಪೋರ್ಟ್ ಬಿಟ್ಟು ಹಿಡಿಯುತ್ತೇನೆ. ಫೈಲಿಗೆ ಬರೆಸಿದರೆ ಡಿಸ್ಕ್ ತುಂಬುವ ಭಯ ಇತ್ತು. ಫೈಲಿನ ಗಾತ್ರಕ್ಕೆ ಮಿತಿ ಹಾಕುವ ದೊಡ್ಡ ಸಿ (-C), ಫೈಲುಗಳ ಸಂಖ್ಯೆಗೆ ಮಿತಿ ಹಾಕುವ ದೊಡ್ಡ ಡಬ್ಲ್ಯೂ (-W) ಎರಡೂ ಕೊಟ್ಟಿದ್ದೇನೆ, ಹಳೆ ಫೈಲಿನ ಮೇಲೇ ಬರೆದುಕೊಂಡು ಹೋಗುತ್ತದೆ. ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕೆಲವು ಪ್ಯಾಕೆಟ್‌ಗಳನ್ನು ಟಿಸಿಪಿಡಂಪ್‌ಗೆ ಕೊಡದೆ ಕೈಬಿಡುವುದು ಮಾತ್ರ ಇನ್ನೂ ಸ್ವಲ್ಪ ಇದೆ.