ಪ್ಯಾನಿಕ್ ಅಟ್ಯಾಕ್‌ಗೆ ಥೆರಪಿ: ಬರೀ ಮಾತಾಡಿದ್ರೆ ಎದೆಬಡಿತ ಹೇಗೆ ಇಳಿಯುತ್ತೆ?

ಹಾಸನದ ಹೊಸಬ:
ಇದ್ದಕ್ಕಿದ್ದ ಹಾಗೆ ಎದೆ ಹೊಡ್ಕೊಳ್ಳೋದು, ಬೆರಳು ಜೋಮು, ಉಸಿರು ಸಿಗ್ತಿಲ್ಲ ಅನ್ನೋದು, ಇನ್ನೇನು ಪ್ರಾಣ ಹೋಯ್ತು ಅನ್ನೋ ಭಯ. ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್ ಎಲ್ಲ ನಾರ್ಮಲ್. ಇಂಥವರಿಗೆ ಡಾಕ್ಟರು ‘ಸಿಬಿಟಿ (ಯೋಚನೆ, ನಡವಳಿಕೆ ತಿದ್ದೋ ಥೆರಪಿ) ಮಾಡಿಸಿ’ ಅಂತಾರೆ. ಆ ರೂಮಿನೊಳಗೆ ನಿಜಕ್ಕೂ ಏನು ಮಾಡಿಸ್ತಾರೆ? ಸಮಾಧಾನ ಹೇಳೋಕೆ ಮನೆಯವರೇ ಸಾಲದಾ? ಎಷ್ಟು ವಾರ ಬೇಕು?

ಡೈರಿ ಬರೀರಿ:
ಸಮಾಧಾನ ಹೇಳೋದೇ ಈ ಕಾಯಿಲೆಗೆ ಗೊಬ್ಬರ. ‘ಏನೂ ಆಗಲ್ಲ, ನಾನಿದ್ದೀನಲ್ಲ’ ಅಂದಾಗ ಆ ಹೊತ್ತಿಗೆ ಹಗುರ ಅನಿಸುತ್ತೆ. ಆದರೆ ‘ಅವರಿದ್ರು, ಅದಕ್ಕೇ ಉಳ್ಕೊಂಡೆ’ ಅನ್ನೋ ನಂಬಿಕೆ ಒಳಗೆ ಗಟ್ಟಿಯಾಗುತ್ತೆ. ಥೆರಪಿ ತಿದ್ದೋದು ಈ ನಂಬಿಕೆಯನ್ನ.

1986ರಲ್ಲಿ ಬ್ರಿಟಿಷ್ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಕೊಟ್ಟ ವಿವರಣೆ ಇವತ್ತಿಗೂ ಬಳಕೆಯಲ್ಲಿದೆ. ಮೆಟ್ಟಿಲು ಹತ್ತಿದ್ದಕ್ಕೋ, ಸ್ಟ್ರಾಂಗ್ ಕಾಫಿ ಕುಡಿದದ್ದಕ್ಕೋ ಬಡಿತ ಸ್ವಲ್ಪ ಏರುತ್ತೆ. ಅದನ್ನ ‘ಹಾರ್ಟ್ ಅಟ್ಯಾಕ್’ ಅಂದ್ಕೊಂಡ ತಕ್ಷಣ ಅಡ್ರಿನಲಿನ್ ಹರಿದು ಬಡಿತ ಇನ್ನೂ ಜೋರಾಗುತ್ತೆ, ಭಯ ನಿಜವಾದಂತೆ ಕಾಣುತ್ತೆ. ಜೊತೆಗೆ ಜೋರಾಗಿ ಉಸಿರಾಡಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತೆ, ತುಟಿ ಬೆರಳು ಜುಮ್ಮೆನ್ನೋದು ಅದಕ್ಕೇ. ಆಕ್ಸಿಜನ್ ಕಮ್ಮಿಯಾಗಿರಲ್ಲ.

ಸಾಮಾನ್ಯವಾಗಿ ವಾರಕ್ಕೊಂದು, 45ರಿಂದ 60 ನಿಮಿಷ, ಒಟ್ಟು 10–14 ಸೆಷನ್. ಮೊದಲೆರಡರಲ್ಲಿ ಇತ್ತೀಚಿನ ಒಂದೇ ಒಂದು ಅಟ್ಯಾಕನ್ನ ಹಿಡಿದು ಎಳೆಎಳೆಯಾಗಿ ಬಿಡಿಸ್ತಾರೆ. ಮನೆಯಲ್ಲಿ ಡೈರಿ. ‘ಟೆನ್ಷನ್ ಆಯ್ತು’ ಅಂತ ಬರೆದು ತಂದ್ರೆ ಏನೂ ಪ್ರಯೋಜನವಿಲ್ಲ. ‘ಸಂಜೆ 6:10, ಲಿಫ್ಟ್, ಎದೆ ಹಿಡಿದಂತಾಯ್ತು, ಇಲ್ಲೇ ಕುಸಿದು ಬೀಳ್ತೀನಿ ಅನಿಸ್ತು, ನಂಬಿಕೆ 80/100, ಗೋಡೆ ಹಿಡ್ಕೊಂಡೆ’ ಅಂತಿರಬೇಕು.

ಆಮೇಲೆ ನಿಜವಾದ ಕೆಲಸ: ಹೆದರಿಸೋ ಲಕ್ಷಣವನ್ನೇ ಬೇಕಂತ ಬರಿಸೋದು. 1 ನಿಮಿಷ ವೇಗವಾಗಿ ಆಳವಾದ ಉಸಿರು, ತಿರುಗೋ ಕುರ್ಚಿಯಲ್ಲಿ 1 ನಿಮಿಷ ಸುತ್ತು, ಮೂಗು ಹಿಡಿದು ಸಣ್ಣ ಸ್ಟ್ರಾದಲ್ಲಿ 2 ನಿಮಿಷ ಉಸಿರಾಟ, ನಿಂತಲ್ಲೇ ಓಟ. ಶುರುವಿಗೆ ಮುಂಚೆ ‘ಏನಾಗುತ್ತೆ ಅಂದ್ಕೊಂಡಿದ್ದೀರಿ’ ಅಂತ ಬರೆಸ್ತಾರೆ, ಮುಗಿದ ಮೇಲೆ ‘ಏನಾಯ್ತು’ ಅಂತ. ತಲೆ ಗಿರ್ರನ್ನುತ್ತೆ, ಹೆದರಿದ್ದು ಮಾತ್ರ ನಡೆಯಲ್ಲ. ಅದನ್ನೇ ಅಲ್ಲೇ ಮೂರ್ನಾಲ್ಕು ಸಲ. ಹೃದ್ರೋಗ, ಆಸ್ತಮಾ, ಫಿಟ್ಸ್ ಇರುವವರು, ಗರ್ಭಿಣಿಯರು ಡಾಕ್ಟರನ್ನ ಕೇಳದೆ ಇದನ್ನ ಮಾಡಬಾರದು.

ಮಾತ್ರೆ ಚೀಟಿ:
ಎಲ್ಲಿ ಕೆಡುತ್ತೆ ಅನ್ನೋದನ್ನ ನಾನು ಸೇರಿಸ್ತೀನಿ. ಜೇಬಲ್ಲಿ ಆಲ್ಪ್ರಜೋಲಾಂ (ಆತಂಕ ಬೇಗ ಇಳಿಸೋ ಮಾತ್ರೆ) ಸ್ಟ್ರಿಪ್, ಕೈಯಲ್ಲಿ ನೀರಿನ ಬಾಟಲಿ, ಮಾತುಮಾತಿಗೆ ಸ್ಮಾರ್ಟ್‌ವಾಚ್‌ನಲ್ಲಿ ಪಲ್ಸ್ ನೋಡೋದು. ಇವಿದ್ರೆ ಎಷ್ಟು ಅಭ್ಯಾಸ ಮಾಡಿದ್ರೂ ‘ಬಾಟಲಿ ಇತ್ತು, ಬಚಾವಾದೆ’ ಅಂತಲೇ ಮನಸ್ಸು ಕಲಿಯುತ್ತೆ. ಬೆಳಿಗ್ಗೆ ಪ್ರಾಣಾಯಾಮ ಮಾಡೋದಕ್ಕೆ ಅಡ್ಡಿಯಿಲ್ಲ, ಅಟ್ಯಾಕ್ ಅದುಮೋಕೆ ಅಂತ ಬಳಸಿದ್ರೆ ಅದೂ ಬಾಟಲಿ ಸಾಲಿಗೇ.

ಹಾಗಂತ ದಿನಾ ತಗೊಳ್ತಿರೋ ಆಲ್ಪ್ರಜೋಲಾಂ ದಿಢೀರ್ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಬರೆದುಕೊಟ್ಟವರೇ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಆತಂಕ, ಖಿನ್ನತೆಗೆ ದಿನಾ ಕೊಡೋ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ ಥೆರಪಿ ಜೊತೆಗೇ ನಡೆಯುತ್ತೆ. ಅದರ ಗುಣ ಕಾಣೋಕೆ ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ಚಡಪಡಿಕೆ ಹೆಚ್ಚಿದ್ರೆ ಡಾಕ್ಟರಿಗೆ ತಿಳಿಸಿ.

ಕ್ಲಿನಿಕಲ್ ಸೈಕಾಲಜಿಸ್ಟ್ ಆದ್ರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳಿ, ಸಂಕೋಚ ಬೇಡ. ನಾಲ್ಕನೇ ಸೆಷನ್ ಮುಗಿದ್ರೂ ಹೋಂವರ್ಕ್ ಇಲ್ಲ ಅಂದ್ರೆ ಅಲ್ಲಿ ನಡೀತಿರೋದು ಸಿಬಿಟಿ ಅಲ್ಲ. ಇನ್ನೊಂದು: ಎದೆನೋವು ಕೈಗೋ ದವಡೆಗೋ ಹರಡಿದ್ರೆ, ಮೈ ತಣ್ಣಗಾಗಿ ಬೆವತರೆ, ‘ಪ್ಯಾನಿಕ್ ಇರಬೇಕು’ ಅಂತ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಒಳಸುಳಿ:
ಇಬ್ಬರೂ ಮೈ ಬಗ್ಗೆಯೇ ಬರೆದಿದ್ದೀರಿ. ಅಟ್ಯಾಕ್ ಶುರುವಾಗೋಕೆ ಹಿಂದಿನ ತಿಂಗಳುಗಳಲ್ಲಿ ಏನಾಗಿತ್ತು ಅನ್ನೋದೂ ಮುಖ್ಯ. ಅಪ್ಪ ಎದೆನೋವಿಂದ ಹೋದ ಮೇಲೆ ಮಗನ ಗಮನವೆಲ್ಲ ತನ್ನ ಎದೆ ಮೇಲೇ ಇರಬಹುದು. ಸಿಟ್ಟು ಬಂದ್ರೂ ಬಾಯಿ ಬಿಡೋ ಹಾಗಿಲ್ಲದ ಮನೆಯಲ್ಲಿ ಸೊಸೆಗೆ ಉಸಿರು ಕಟ್ಟಿದಂತಾಗಬಹುದು. ಸಿಟ್ಟು ಸಿಟ್ಟಾಗಿ ಕಾಣಲ್ಲ, ಗಂಟಲು ಹಿಡಿದದ್ದು ಮಾತ್ರ ಕಾಣುತ್ತೆ. ಹೀಗೆ ಒಳಗೆ ಅದುಮಿಟ್ಟ ಭಾವನೆಗಳನ್ನ ಹುಡುಕೋ ಸೈಕೋಡೈನಮಿಕ್ ಥೆರಪಿಯಲ್ಲಿ ಪ್ಯಾನಿಕ್‌ಗೆಂದೇ ರೂಪಿಸಿದ ಪದ್ಧತಿ ಇದೆ: ವಾರಕ್ಕೆ ಎರಡು, ಒಟ್ಟು 24 ಸೆಷನ್. ಮಾಡೋರು ಕಮ್ಮಿ ಸಿಗ್ತಾರೆ. ಸಿಬಿಟಿ ಮುಗಿಸಿಯೂ ಮತ್ತೆ ಮತ್ತೆ ಮರುಕಳಿಸ್ತಿದ್ರೆ ಈ ಕಡೆ ನೋಡಬಹುದು.

ಹಾಸನದ ಹೊಸಬ:
ಬಸ್ ಹತ್ತೋದನ್ನೇ ಬಿಟ್ಟವರಿಗೆ?

ಡೈರಿ ಬರೀರಿ:
ಭಯಕ್ಕೆ ನೂರಕ್ಕೆ ಅಂಕ ಕೊಟ್ಟು ಪಟ್ಟಿ ಮಾಡಿಸ್ತಾರೆ. ಉದಾಹರಣೆಗೆ, ಬಸ್‌ಸ್ಟ್ಯಾಂಡಲ್ಲಿ 20 ನಿಮಿಷ ನಿಲ್ಲೋದು 30, ಮಧ್ಯಾಹ್ನದ ಖಾಲಿ ಬಸ್ಸಲ್ಲಿ ಎರಡು ಸ್ಟಾಪ್ 45, ಕಿಟಕಿ ಪಕ್ಕ ಕೂತು ಕೊನೇ ಸ್ಟಾಪಿನ ತನಕ 65, ಬೆಳಗಿನ ರಷ್ಷಲ್ಲಿ ನಿಂತುಕೊಂಡು ಒಬ್ಬರೇ 90. ನಲವತ್ತರ ಆಸುಪಾಸಿಂದ ಶುರು, ವಾರಕ್ಕೆ ನಾಲ್ಕೈದು ದಿನ. ಭಾನುವಾರಕ್ಕೊಂದು ಸಲ ಮಾಡಿದ್ರೆ ಮುಂದೆ ಹೋಗಲ್ಲ. ಅಟ್ಯಾಕ್ ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ ತಾನಾಗೇ ಇಳಿಯುತ್ತೆ, ಹಾಗಾಗಿ ಏರುತ್ತಿರುವಾಗ ಬಸ್ ಇಳಿಯೋದೇ ದೊಡ್ಡ ತಪ್ಪು. ಇಳಿದುಬಿಟ್ಟಿದ್ರೆ ಆಟೋ ಹುಡುಕಬೇಡಿ, ಹಿಂದೆ ಬರೋ ಬಸ್ಸಿಗೆ ಹತ್ತಿ.

ಹತ್ತಿರದಲ್ಲಿ ಯಾರೂ ಇಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಿಂದ ಇದೆ, ಉಚಿತ, 24 ಗಂಟೆಯೂ, ಕನ್ನಡದಲ್ಲೂ ಮಾತಾಡ್ತಾರೆ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲೂ ವಿಚಾರಿಸಿ. ಹೋಗುವಾಗ ಇಸಿಜಿ, ರಕ್ತ ಪರೀಕ್ಷೆ ರಿಪೋರ್ಟ್, ಮಾತ್ರೆ ಚೀಟಿ, ಒಂದು ವಾರದ ಡೈರಿ ಜೊತೆಗಿರಲಿ.