ವಿದ್ಯುತ್ ಲಾನ್ ಮೋವರ್: ಡೆಕ್ ಒಳಗೆ ಹುಲ್ಲು ಮೆತ್ತಿಕೊಳ್ಳುತ್ತಿದೆ, ಚೀಲ ಮಾತ್ರ ಖಾಲಿ

ಎರೆಹೊಲ (ಕಲಬುರಗಿ)
ಮಳೆ ಹಿಡಿದಾಗಿನಿಂದ ನನ್ನ ಮೋವರ್ ಬಹಳ ಸತಾಯಿಸುತ್ತಿದೆ. ಅಂಗಳದ ಒಂದೆರಡು ಸಾಲು ಮುಗಿಯುವಷ್ಟರಲ್ಲಿ ಬ್ಲೇಡನ್ನು ಮುಚ್ಚುವ ಚಿಪ್ಪಿನ, ಅಂದರೆ ಡೆಕ್‌ನ ಒಳಮೈಗೆ ಹುಲ್ಲು ಬೆರಳು ದಪ್ಪ ಮೆತ್ತಿಕೊಳ್ಳುತ್ತದೆ, ಹಿಂದಿನ ಚೀಲಕ್ಕೆ ಒಂದು ಹಿಡಿಯೂ ಬೀಳುವುದಿಲ್ಲ, ಸ್ವಲ್ಪ ಹೊತ್ತಿಗೆ ಮೋಟಾರು ಕಾದು ತಾನಾಗಿಯೇ ನಿಂತುಬಿಡುತ್ತದೆ. ಪ್ರತಿ ಸಲವೂ ಕೆರೆದು ತೆಗೆಯುತ್ತೇನೆ, ಮುಂದಿನ ಸಲ ಮತ್ತೆ ಅದೇ ಪಾಡು. ಕಳೆದ ಮಳೆಗಾಲದಲ್ಲಿ ಇದೇ ಯಂತ್ರ, ಇದೇ ಕರಿಕೆ ಹುಲ್ಲು. ಆಗ ಈ ತೊಂದರೆ ಇರಲಿಲ್ಲ. ದಯವಿಟ್ಟು ಕಾರಣ ತಿಳಿಸಿ.

ಬೀದರ್ ಹಸಿರು
ಹಸಿ ಹುಲ್ಲೇ ಕಾರಣ, ಬೇರೆ ಹುಡುಕಬೇಕಾಗಿಲ್ಲ. ಹುಲ್ಲಿನ ತೂಕದಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ; ಅದರ ಮೇಲೆ ಮಳೆಯ ತೇವವೂ ಸೇರಿದರೆ ಕತ್ತರಿಸಿದ ಚೂರು ಅಂಟಿನಂತೆ ಹಿಡಿದುಕೊಳ್ಳುತ್ತದೆ. ನಮ್ಮ ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಇಳಿದುಹೋಗುತ್ತದೆ, ನಿಮ್ಮ ಎರೆ ಮಣ್ಣು ತೇವವನ್ನು ಬಿಟ್ಟುಕೊಡುವುದಿಲ್ಲ. ಬಿಸಿಲು ಬಿದ್ದು ಎಲೆ ಒಣಗಿದ ಮೇಲೆ, ಅಂದರೆ ಮಧ್ಯಾಹ್ನ ಮೂರರ ನಂತರ ಕತ್ತರಿಸಿ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ.

ತಂತಿಜಾಲ (ಶಹಾಪುರ)
ಮೋಟಾರು ಕಾದು ನಿಲ್ಲುತ್ತಿದೆ ಎಂಬ ಮಾತನ್ನು ಯಾರೂ ಗಮನಿಸಿದಂತೆ ಕಾಣುವುದಿಲ್ಲ. ವೋಲ್ಟೇಜ್ ಕಡಿಮೆಯಾದರೆ ಬ್ಲೇಡಿನ ವೇಗ ಇಳಿಯುತ್ತದೆ, ವೇಗ ಇಳಿದರೆ ಗಾಳಿ ಇಳಿಯುತ್ತದೆ, ಹುಲ್ಲು ಚೀಲ ತಲುಪದೆ ಮೇಲಕ್ಕೆ ಬಡಿದು ಅಲ್ಲೇ ಉಳಿಯುತ್ತದೆ. ನಿಮ್ಮ ಎಕ್ಸ್‌ಟೆನ್ಶನ್ ತಂತಿ ಎಷ್ಟು ಉದ್ದ, ಎಷ್ಟು ದಪ್ಪ?

ಎರೆಹೊಲ (ಕಲಬುರಗಿ)
ನಾನು ಕತ್ತರಿಸುವುದು ಸಂಜೆಯೇ, ಕಾಲಿಗೆ ತೇವ ತಾಕದಂಥ ದಿನ ನೋಡಿಯೇ. ಯಂತ್ರ 1500 ವ್ಯಾಟ್, ತಂತಿ 30 ಮೀಟರ್, 1.5 ಚದರ ಮಿ.ಮೀ. ತಾಮ್ರ. ಕಳೆದ ವರ್ಷವೂ ಇದೇ ತಂತಿ ಇತ್ತು.

ತಂತಿಜಾಲ (ಶಹಾಪುರ)
ಹಾಗಿದ್ದರೂ ಯಂತ್ರ ಓಡುತ್ತಿರುವಾಗ ಪ್ಲಗ್ಗಿನ ಹತ್ತಿರ ಅಳೆದು ನೋಡಿ. ಪಂಪ್‌ಸೆಟ್‌ಗಳು ಚಾಲೂ ಇರುವ ಹೊತ್ತಿನಲ್ಲಿ 230 ಬರಬೇಕಾದಲ್ಲಿ 190 ಬರುವುದನ್ನು ನಾನೇ ಕಂಡಿದ್ದೇನೆ. ತಂತಿಯನ್ನು 2.5 ಚದರ ಮಿ.ಮೀ.ಗೆ ಬದಲಾಯಿಸಿ.

ಫರಸಿ ಕಲ್ಲು (ಸೇಡಂ)
ಇಷ್ಟೆಲ್ಲ ಯಾಕೆ? ಕೆಲಸ ಮುಗಿದ ಕೂಡಲೇ ಶಹಾಬಾದ್ ಫರಸಿಯ ಮೇಲೆ ನಿಲ್ಲಿಸಿ, ಪೈಪಿನಿಂದ ಅಡಿಗೆ ನೀರು ಬಿಡಿ. ನನ್ನದು 36 ವೋಲ್ಟಿನ ಬ್ಯಾಟರಿ ಯಂತ್ರ, ಡೆಕ್ ಮೇಲೆ ಪೈಪು ಜೋಡಿಸುವ ಬಾಯಿಯೇ ಇದೆ, ಇವತ್ತಿಗೂ ಹೊಸದರಂತಿದೆ.

ಬೀದರ್ ಹಸಿರು
ಈ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಅಂಥ ಬಾಯಿ ಇದ್ದು, ಕೈಪಿಡಿಯಲ್ಲಿ ಅನುಮತಿ ಇದ್ದರೆ ಮಾತ್ರ ನೀರು. ಉಳಿದ ವಿದ್ಯುತ್ ಯಂತ್ರಗಳಲ್ಲಿ ಮೋಟಾರು ಡೆಕ್‌ನ ನೆತ್ತಿಯಲ್ಲೇ ಕುಳಿತಿರುತ್ತದೆ, ಅಡಿಯಿಂದ ಚಿಮ್ಮಿದ ನೀರು ಬ್ಲೇಡ್ ತಿರುಗಿಸುವ ದಂಡದ ಸುತ್ತಲಿನಿಂದ ಬೇರಿಂಗಿಗೆ ಇಳಿಯುತ್ತದೆ. ಸುಣ್ಣಕಲ್ಲಿನ ಸೀಮೆಯ ಬೋರ್‌ವೆಲ್ ನೀರಾದರೆ ಒಣಗಿದ ಮೇಲೆ ಬಿಳಿ ಪೊರೆಯನ್ನೂ ಬಿಡುತ್ತದೆ, ಆ ಒರಟು ಮೈಗೆ ಹುಲ್ಲು ಇನ್ನೂ ಬಿಗಿಯಾಗಿ ಕೂರುತ್ತದೆ.

ಫರಸಿ ಕಲ್ಲು (ಸೇಡಂ)
ನಮ್ಮ ನೀರಿನ ಬಗ್ಗೆ ನಮಗೆ ಗೊತ್ತಿದೆ. ನಾನು ಮಳೆ ನೀರಿನ ತೊಟ್ಟಿಯಿಂದ ಬಿಡುತ್ತೇನೆ.

ಲೇತ್ ಕೆಲಸ (ಯಾದಗಿರಿ)
ಎರೆಹೊಲ ಅವರೇ, ನೀರು ಮತ್ತು ತಂತಿಯ ವಿಚಾರ ಸದ್ಯಕ್ಕೆ ಇರಲಿ. 1500 ವ್ಯಾಟಿಗೆ ಸುಮಾರು ಆರೂವರೆ ಆಂಪಿಯರ್. ನೀವು ಹೇಳಿದ ತಂತಿಯಲ್ಲಿ ಅದಕ್ಕೆ ಇಳಿಯುವುದು ಸುಮಾರು 5 ವೋಲ್ಟ್ ಮಾತ್ರ. ಕಳೆದ ವರ್ಷಕ್ಕೂ ಈ ವರ್ಷಕ್ಕೂ ನಡುವೆ ಬ್ಲೇಡ್ ಬದಲಾಗಿದೆಯೇ?

ಎರೆಹೊಲ (ಕಲಬುರಗಿ)
ಹೌದು, ಬದಲಾಗಿದೆ. ಹಳೆಯ ಬ್ಲೇಡ್ ಅಂಚಿನ ಕಲ್ಲಿಗೆ ತಾಗಿ ಬಾಗಿತ್ತು. ಅದೇ ಅಳತೆಯ 38 ಸೆಂ.ಮೀ. ಬ್ಲೇಡನ್ನು ಲಾರಿಯ ಕಮಾನು ಪಟ್ಟಿಯಲ್ಲಿ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿ ಹಾಕಿದ್ದೇನೆ. ಬಹಳ ಹರಿತವಾಗಿದೆ, ಆದ್ದರಿಂದ ಅದನ್ನು ಹೇಳಬೇಕೆನಿಸಲಿಲ್ಲ.

ಲೇತ್ ಕೆಲಸ (ಯಾದಗಿರಿ)
ನಿಮ್ಮ ಸಮಸ್ಯೆ ಅಲ್ಲೇ ಇದೆ. ಮೂಲ ಬ್ಲೇಡಿನ ಎರಡೂ ತುದಿಗಳಲ್ಲಿ, ಹರಿತವಾದ ಅಂಚಿನ ಹಿಂಬದಿಗೆ, ಡೆಕ್‌ನ ಕಡೆಗೆ ಮೇಲಕ್ಕೆ ಬಾಗಿದ ರೆಕ್ಕೆಗಳಿರುತ್ತವೆ. ಹುಲ್ಲನ್ನು ನೆಟ್ಟಗೆ ಎಬ್ಬಿಸಿ ನಿಲ್ಲಿಸುವುದೂ, ಕತ್ತರಿಸಿದ ಚೂರನ್ನು ಚೀಲದ ತನಕ ಊದಿಕೊಂಡು ಹೋಗುವುದೂ ಆ ರೆಕ್ಕೆಗಳು ಎಬ್ಬಿಸುವ ಗಾಳಿ. ಚಪ್ಪಟೆ ಪಟ್ಟಿ ಎಷ್ಟೇ ಹರಿತವಾಗಿದ್ದರೂ ಗಾಳಿ ಎಬ್ಬಿಸುವುದಿಲ್ಲ. ಚೂರುಗಳು ಒಳಗೇ ಸುತ್ತಿ, ಜಜ್ಜಿ, ರಸ ಬಿಟ್ಟು, ಎರೆ ಮಣ್ಣಿನ ಧೂಳಿನೊಂದಿಗೆ ಕಲೆತು ಗಟ್ಟಿಯಾಗುತ್ತವೆ. ಆ ಪದರಕ್ಕೆ ಬ್ಲೇಡ್ ಉಜ್ಜುವುದರಿಂದ ಮೋಟಾರಿಗೆ ಭಾರ ಹೆಚ್ಚುತ್ತದೆ, ಅದು ಕಾಯುತ್ತದೆ.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ನಿಮಿಷಕ್ಕೆ 3000 ಸುತ್ತಿನಲ್ಲಿ 38 ಸೆಂ.ಮೀ. ಬ್ಲೇಡಿನ ತುದಿ ಗಂಟೆಗೆ 200 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಹೋಗುತ್ತದೆ. ಕಮಾನು ಪಟ್ಟಿ ಹದ ಮಾಡಿದ ಗಡಸು ಉಕ್ಕು. ಕಾಸಿ ಬಡಿದು, ಮತ್ತೆ ಸರಿಯಾಗಿ ಹದ ಮಾಡದಿದ್ದರೆ ಕಲ್ಲಿಗೆ ತಾಗಿದಾಗ ಬಾಗುವ ಬದಲು ಮುರಿದು ಹಾರುತ್ತದೆ. ಪ್ಲಗ್ ಕಿತ್ತು, ಅದನ್ನು ಇವತ್ತೇ ಬಿಚ್ಚಿಡಿ.

ಎರೆಹೊಲ (ಕಲಬುರಗಿ)
ಬಿಚ್ಚಿದ್ದೇನೆ, ಕಂಪನಿಯ ಬ್ಲೇಡಿಗೆ ಹೇಳಿದ್ದೇನೆ. ಅದು ಬರುವ ತನಕ ಇದಕ್ಕೇ ರೆಕ್ಕೆ ಬೆಸುಗೆ ಹಾಕಿಸಬಹುದೇ? ಗಟ್ಟಿಯಾಗಿ ಒಣಗಿರುವ ಪದರವನ್ನು ಹೇಗೆ ತೆಗೆಯಲಿ?

ತಂತಿಜಾಲ (ಶಹಾಪುರ)
ಹೊಸ ಬ್ಲೇಡ್ ಹಾಕಿದ ಮೇಲೂ ವೋಲ್ಟೇಜ್ ಅಳೆಯಿರಿ. ನನ್ನ ಅನುಮಾನ ಪೂರ್ತಿ ಹೋಗಿಲ್ಲ.

ಲೇತ್ ಕೆಲಸ (ಯಾದಗಿರಿ)
ಅಳೆಯುವುದರಿಂದ ನಷ್ಟವೇನಿಲ್ಲ. ಬೆಸುಗೆ ಮಾತ್ರ ಬೇಡವೇ ಬೇಡ. ತೂಕ ಎರಡು ಬದಿಗೂ ಸಮನಾಗುವುದಿಲ್ಲ, ಅದರ ನಡುಕ ಬೇರಿಂಗನ್ನು ತಿನ್ನುತ್ತದೆ. ಪದರದ ಮೇಲೆ ಒದ್ದೆ ಗೋಣಿ ಹಾಸಿ ಒಂದು ಗಂಟೆ ಬಿಡಿ, ನಂತರ ಮರದ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ಕಬ್ಬಿಣದ ಉಳಿ ಬಣ್ಣವನ್ನು ಕೀಳುತ್ತದೆ, ಡೆಕ್ ಉಕ್ಕಿನದಾದರೆ ಅಲ್ಲಿಂದಲೇ ತುಕ್ಕು ಹತ್ತುತ್ತದೆ. ಮೋಟಾರಿನ ಗಾಳಿಕಿಂಡಿಗಳಿಗೆ ಒಣ ಬ್ರಶ್ ಸಾಕು. ಚೆನ್ನಾಗಿ ಒಣಗಿದ ಮೇಲೆ ಒಳಮೈಗೆ ಸಿಲಿಕೋನ್ ಸ್ಪ್ರೇ ಹೊಡೆಯಬಹುದು. ಅಡುಗೆ ಎಣ್ಣೆ ಸವರಿದರೆ ಧೂಳು ಹಿಡಿಯುತ್ತದೆ. ಹೊಸ ಬ್ಲೇಡ್ ಕೂರಿಸುವಾಗ ರೆಕ್ಕೆ ಮೇಲ್ಮುಖವಾಗಿದೆಯೇ ಎಂದು ನೋಡಿಕೊಂಡೇ ಬೋಲ್ಟ್ ಬಿಗಿಯಿರಿ.